ಮ್ಯಾಗ್ನೆಟೊ ಪರೀಕ್ಷೆ: ಪುಟ್ಟ ವಿಮಾನವೊಂದರ ರೋಗನಿದಾನ

ಕಾರಿನ ಎಂಜಿನು ದಾರಿಯಲ್ಲಿ ಕೆಟ್ಟು ನಿಂತರೆ ನಾವು ಕೆಳಗಿಳಿದು, ಅದನ್ನು ರಸ್ತೆಯ ಅಂಚಿಗೆ ತಳ್ಳಿ, ಮರದ ನೆರಳಿನಲ್ಲಿ ಕುಳಿತು ಮೆಕ್ಯಾನಿಕನಿಗಾಗಿ ಕಾಯಬಹುದು. ಆಕಾಶದಲ್ಲಿ ಅಂಥ ಅಂಚೂ ಇಲ್ಲ, ನೆರಳೂ ಇಲ್ಲ. ಆದ್ದರಿಂದ ವಿಮಾನದ ದೋಷವನ್ನು ಅದು ನೆಲದ ಮೇಲಿರುವಾಗಲೇ ಪತ್ತೆಹಚ್ಚಬೇಕು. ಹೀಗೆ ಪತ್ತೆಹಚ್ಚುವ ಪರೀಕ್ಷೆಗಳಲ್ಲಿ ಅತ್ಯಂತ ಸರಳವಾದ ಒಂದನ್ನು ಇಲ್ಲಿ ಪರಿಶೀಲಿಸೋಣ. ಇದಕ್ಕೆ ಬೇಕಾದ ಭೌತವಿಜ್ಞಾನವು ನಮ್ಮ ಹೈಸ್ಕೂಲಿನ ಪಠ್ಯಪುಸ್ತಕದಲ್ಲಿಯೇ ಇದೆ.

ಸ್ವಂತ ಕಾರನ್ನಿಟ್ಟುಕೊಳ್ಳುವಂತೆ ಸ್ವಂತ ವಿಮಾನವನ್ನು ಇಟ್ಟುಕೊಂಡವರು ಅಮೆರಿಕದಲ್ಲಿ ಬಹುಮಂದಿ ಇದ್ದಾರೆ. ಅವರಲ್ಲಿ ಅನೇಕರ ಬಳಿ ಇರುವುದು ಸೆಸ್ನಾ 172 ಎಂಬ ನಾಲ್ಕು ಆಸನಗಳ ವಿಮಾನ. 1955ರಲ್ಲಿ ಮೊದಲು ಹಾರಿದ ಈ ಬಗೆಯ ವಿಮಾನಗಳು 44,000ಕ್ಕೂ ಹೆಚ್ಚು ತಯಾರಾಗಿವೆ. 1970ರ ಸುಮಾರಿನ ಮಾದರಿಯೊಂದನ್ನು ನಾವು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿರುವುದು ಲೈಕಮಿಂಗ್ ಕಂಪನಿಯ ನಾಲ್ಕು ಸಿಲಿಂಡರುಗಳ, 150 ಅಶ್ವಶಕ್ತಿಯ ಪೆಟ್ರೋಲ್ ಎಂಜಿನು. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ನಿರ್ಮಾಣಗೊಂಡು 1958ರಲ್ಲಿ ಮೊದಲು ಹಾರಿದ, ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿಗೆ ಹಾರಾಟ ಕಲಿಸಿದ ‘ಪುಷ್ಪಕ್’ ವಿಮಾನದ 90 ಅಶ್ವಶಕ್ತಿಯ ಎಂಜಿನಿಗೂ ಮುಂದೆ ಹೇಳುವ ತತ್ತ್ವವೇ ಅನ್ವಯಿಸುತ್ತದೆ.

ಕಿಡಿ ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಎಂಜಿನಿನಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸುವುದು ಸ್ಪಾರ್ಕ್ ಪ್ಲಗ್ಗಿನ ಕಿಡಿ. ಕಾರಿನಲ್ಲಿ ಈ ಕಿಡಿಗೆ ಬ್ಯಾಟರಿಯ ನೆರವು ಬೇಕು. ನಮ್ಮ ವಿಮಾನದ ಎಂಜಿನಿಗೆ ಅದು ಬೇಡ. ಅದರ ಬೆನ್ನಿಗೆ ಜೋಡಿಸಿರುವ ಮ್ಯಾಗ್ನೆಟೊ ಎಂಬ ಯಂತ್ರವು ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಹಾರಾಟದ ನಡುವೆ ಬ್ಯಾಟರಿ ಪೂರ್ಣವಾಗಿ ಸತ್ತುಹೋದರೂ ಎಂಜಿನು ನಿಲ್ಲುವುದಿಲ್ಲ.

ಮ್ಯಾಗ್ನೆಟೊದೊಳಗೆ ಒಂದು ಅಯಸ್ಕಾಂತ ಎಂಜಿನಿನೊಡನೆ ತಿರುಗುತ್ತಿರುತ್ತದೆ. ಅದರ ಬಳಿ ಕಬ್ಬಿಣದ ತಿರುಳಿನ ಮೇಲೆ ಎರಡು ತಂತಿಸುರುಳಿಗಳುಂಟು. ಪ್ರಾಥಮಿಕ ಸುರುಳಿಯಲ್ಲಿ ದಪ್ಪ ತಂತಿಯ ಕೆಲವೇ ಸುತ್ತುಗಳಿದ್ದರೆ, ದ್ವಿತೀಯಕ ಸುರುಳಿಯಲ್ಲಿ ಕೂದಲಿನಷ್ಟು ತೆಳುವಾದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದಂತೆ, ಕಾಂತಕ್ಷೇತ್ರ ಬದಲಾದಾಗ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ; ಬದಲಾವಣೆ ಎಷ್ಟು ಶೀಘ್ರವೋ ವೋಲ್ಟೇಜು ಅಷ್ಟು ಅಧಿಕ. ಪ್ರಾಥಮಿಕ ಸುರುಳಿಯಲ್ಲಿ ಪ್ರವಾಹವು ಬಲವಾಗಿ ಹರಿಯುತ್ತಿರುವಾಗಲೇ ‘ಪಾಯಿಂಟು’ ಎಂಬ ಪುಟ್ಟ ಸಂಪರ್ಕವು ತೆರೆದುಕೊಂಡು ಆ ಪ್ರವಾಹವನ್ನು ಥಟ್ಟನೆ ಕಡಿಯುತ್ತದೆ. ಕಾಂತಕ್ಷೇತ್ರ ಕ್ಷಣಾರ್ಧದಲ್ಲಿ ಕುಸಿದು, ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟುತ್ತವೆ. ಅದೇ ಪ್ಲಗ್ಗಿನ ತುದಿಯಲ್ಲಿ ಹಾರುವ ಕಿಡಿ.

ಎಂಜಿನು ನಿಮಿಷಕ್ಕೆ 2400 ಸುತ್ತು ತಿರುಗುತ್ತಿರುವಾಗ ಪ್ರತಿಯೊಂದು ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 20 ಸಾರಿ, ಕಿಡಿ ದೊರೆಯಬೇಕು. ಇಂಥ ಕೆಲಸವನ್ನು ಒಂದೇ ಯಂತ್ರದ ಮೇಲೆ ಹೊರಿಸುವುದು ವಿವೇಕವಲ್ಲ. ಆದ್ದರಿಂದ ಎಂಜಿನಿಗೆ ಎರಡು ಮ್ಯಾಗ್ನೆಟೊಗಳು. ಪ್ರತಿ ಸಿಲಿಂಡರಿಗೂ ಎರಡು ಪ್ಲಗ್ಗುಗಳು. ಒಂದು ಮ್ಯಾಗ್ನೆಟೊ ಕೆಟ್ಟರೆ ಇನ್ನೊಂದು ವಿಮಾನವನ್ನು ನೆಲಕ್ಕೆ ತಂದು ಮುಟ್ಟಿಸಬಲ್ಲುದು.

ಇಳಿಕೆ ಏನನ್ನು ಹೇಳುತ್ತದೆ?

ಈ ಜೋಡಿಯಲ್ಲಿ ಒಂದು ತೊಡಕೂ ಇದೆ. ಎರಡೂ ಒಟ್ಟಿಗೆ ದುಡಿಯುತ್ತಿರುವಾಗ ಒಂದರ ದೋಷವನ್ನು ಇನ್ನೊಂದು ಮರೆಮಾಡಿಬಿಡುತ್ತದೆ. ಆದ್ದರಿಂದ ಚಾಲಕನು ಹಾರುವ ಮುನ್ನ ಎಂಜಿನಿನ ವೇಗವನ್ನು ನಿಮಿಷಕ್ಕೆ 1700 ಸುತ್ತಿಗೆ ಏರಿಸಿ, ಬೀಗದ ಕೈಯಂಥ ಸ್ವಿಚ್ಚನ್ನು ಮೊದಲು ಬಲ ಮ್ಯಾಗ್ನೆಟೊಗೆ, ಮತ್ತೆ ಎರಡಕ್ಕೂ, ಆಮೇಲೆ ಎಡ ಮ್ಯಾಗ್ನೆಟೊಗೆ ತಿರುಗಿಸಿ, ಪ್ರತಿ ಸಲವೂ ವೇಗ ಎಷ್ಟು ಇಳಿಯಿತೆಂದು ನೋಡುತ್ತಾನೆ.

ಆರೋಗ್ಯವಂತ ಎಂಜಿನಿನಲ್ಲಿಯೂ ವೇಗ ಕೊಂಚ ಇಳಿಯಲೇಬೇಕು. ಎರಡು ಕಿಡಿಗಳು ಮಿಶ್ರಣವನ್ನು ಎರಡು ಕಡೆಯಿಂದ ಹೊತ್ತಿಸಿದಾಗ ಜ್ವಾಲೆ ಬೇಗನೆ ಸಿಲಿಂಡರನ್ನು ತುಂಬುತ್ತದೆ. ಒಂದೇ ಕಿಡಿಯಾದರೆ ಜ್ವಾಲೆ ಈ ಬದಿಯಿಂದ ಆ ಬದಿಗೆ ಸಾಗಬೇಕು. ಅಷ್ಟರಲ್ಲಿ ಪಿಸ್ಟನ್ನು ಕೆಳಕ್ಕೆ ಸರಿಯತೊಡಗಿರುತ್ತದೆ. ಶಕ್ತಿ ಸ್ವಲ್ಪ ನಷ್ಟವಾಗುತ್ತದೆ. ಈ ವಿಮಾನದ ಕೈಪಿಡಿಯ ಪ್ರಕಾರ ಇಳಿಕೆಯು 125 ಸುತ್ತನ್ನು ಮೀರಬಾರದು. ಎರಡು ಮ್ಯಾಗ್ನೆಟೊಗಳ ಇಳಿಕೆಗಳ ನಡುವಣ ಅಂತರವೂ 50 ಸುತ್ತಿಗಿಂತ ಹೆಚ್ಚಿರಬಾರದು.

ಈಗ ಒಂದು ಮುಂಜಾನೆಯನ್ನು ಕಲ್ಪಿಸಿಕೊಳ್ಳೋಣ. ವಿಮಾನದ ಒಡೆಯ ಮಡದಿಮಕ್ಕಳನ್ನು ಕೂರಿಸಿಕೊಂಡು ಓಡುದಾರಿಯ ಬಳಿ ನಿಂತಿದ್ದಾನೆ. ಬಲ ಮ್ಯಾಗ್ನೆಟೊದಲ್ಲಿ ಇಳಿಕೆ 80 ಸುತ್ತು. ಎಡದಲ್ಲಿ 200 ಸುತ್ತು. ಜೊತೆಗೆ ವಿಮಾನವೇ ಅದುರುತ್ತಿದೆ. ಸ್ವಿಚ್ಚನ್ನು ಮತ್ತೆ ಎರಡಕ್ಕೂ ತಿರುಗಿಸಿದೊಡನೆ ಎಂಜಿನು ಏನೂ ಆಗಿಲ್ಲವೆಂಬಂತೆ ನಯವಾಗಿ ಓಡುತ್ತದೆ. ಮನಸ್ಸು ‘ಹೊರಡು’ ಎನ್ನುತ್ತದೆ. ಆದರೆ ಅಂಕಿಗಳು ಬೇರೆಯ ಮಾತನ್ನು ಹೇಳುತ್ತಿವೆ: ಎಡ ಮ್ಯಾಗ್ನೆಟೊದ ಪಾಲಿಗೆ ಒಂದು ಸಿಲಿಂಡರು ಉರಿಯುತ್ತಿಲ್ಲ. ಹಾರಾಟದಲ್ಲಿ ಬಲ ಮ್ಯಾಗ್ನೆಟೊ ಕೆಟ್ಟರೆ ಉಳಿಯುವುದು ಕುಂಟುವ ಎಂಜಿನು ಮಾತ್ರ.

ಒಂದು ಸಲಕ್ಕೆ ಒಂದೇ ಬದಲಾವಣೆ

ಮೊದಲ ಸಂಶಯ ಪ್ಲಗ್ಗಿನ ಮೇಲೆ. ಇಂಥ ವಿಮಾನಗಳಲ್ಲಿ ಬಹುಪಾಲು ಇಂದಿಗೂ ಉರಿಸುವ ‘100 ಎಲ್‌ಎಲ್’ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂವರೆಗೂ ಸೀಸವಿರಬಹುದು. ಎಂಜಿನು ಮಂದವಾಗಿ ಓಡುತ್ತಿರುವಾಗ ಪ್ಲಗ್ಗಿನ ತುದಿ ಸಾಕಷ್ಟು ಬಿಸಿಯಾಗದೆ, ಸೀಸದ ಕಣಗಳೂ ಮಸಿಯೂ ಅಲ್ಲಿ ಕಟ್ಟಿಕೊಳ್ಳುತ್ತವೆ. ವಿದ್ಯುತ್ತು ಕಿಡಿಯಾಗಿ ಹಾರುವ ಬದಲು ಆ ಕೊಳೆಯ ಮೂಲಕ ಸೋರಿಹೋಗುತ್ತದೆ. ಆದ್ದರಿಂದ ಚಾಲಕನು ವೇಗವನ್ನು ತುಸು ಏರಿಸಿ, ಮಿಶ್ರಣದಲ್ಲಿ ಇಂಧನದ ಪಾಲನ್ನು ತಗ್ಗಿಸಿ, ಸ್ವಲ್ಪ ಹೊತ್ತು ಎಂಜಿನನ್ನು ಬಿಸಿಯಾಗಿ ಓಡಿಸುತ್ತಾನೆ. ಮಸಿ ಸುಟ್ಟುಹೋದರೆ ಇಳಿಕೆ ಮಿತಿಯೊಳಗೆ ಬರುತ್ತದೆ. ಬಾರದಿದ್ದರೆ ವಿಮಾನವನ್ನು ಹಿಂದಕ್ಕೆ ತಿರುಗಿಸುವುದೊಂದೇ ದಾರಿ.

ಶೆಡ್ಡಿಗೆ ಮರಳಿದ ಮೇಲೆ, ನಾಲ್ಕರಲ್ಲಿ ಯಾವ ಸಿಲಿಂಡರು ತಪ್ಪಿತಸ್ಥ ಎಂಬುದನ್ನು ತಿಳಿಯಬೇಕು. ತಣ್ಣಗಿದ್ದ ಎಂಜಿನನ್ನು ಎಡ ಮ್ಯಾಗ್ನೆಟೊ ಒಂದರಿಂದಲೇ ಕೆಲಹೊತ್ತು ಓಡಿಸಿ ನಿಲ್ಲಿಸಿ, ಕೂಡಲೇ ನಾಲ್ಕು ಹೊಗೆಕೊಳವೆಗಳ ಉಷ್ಣತೆಯನ್ನು ಅತಿಗೆಂಪು ಉಷ್ಣಮಾಪಕದಿಂದ ಅಳೆಯುತ್ತಾರೆ. ಮೂರು ಸುಡುತ್ತಿದ್ದು ಒಂದು ತಣ್ಣಗಿದ್ದರೆ ಅದೇ ಉರಿಯದ ಸಿಲಿಂಡರು. ಅದು ಮೂರನೆಯದು ಎಂದಿಟ್ಟುಕೊಳ್ಳೋಣ.

ಮುಂದಿನ ಹೆಜ್ಜೆ ಜಾಣತನದ್ದು. ಆ ಸಿಲಿಂಡರಿನ ಎರಡು ಪ್ಲಗ್ಗುಗಳನ್ನು ಬಿಚ್ಚಿ, ಒಂದರ ಸ್ಥಳದಲ್ಲಿ ಇನ್ನೊಂದನ್ನು ಕೂರಿಸಿ, ಪರೀಕ್ಷೆಯನ್ನು ಮತ್ತೆ ನಡೆಸಬೇಕು, ಬೇರೇನನ್ನೂ ಮುಟ್ಟಬಾರದು. ದೋಷವು ಈಗ ಬಲ ಮ್ಯಾಗ್ನೆಟೊದ ಕಡೆಗೆ ಹೋದರೆ, ಅದು ಪ್ಲಗ್ಗಿನೊಡನೆಯೇ ಪ್ರಯಾಣ ಮಾಡಿದೆ. ಪ್ಲಗ್ಗನ್ನು ಬದಲಾಯಿಸಿದರೆ ಸಾಕು. ಎಡದಲ್ಲಿಯೇ ಉಳಿದರೆ ಪ್ಲಗ್ಗು ನಿರ್ದೋಷಿ. ಅದಕ್ಕೆ ಬರುವ ತಂತಿಯನ್ನು, ಆಮೇಲೆ ಮ್ಯಾಗ್ನೆಟೊವನ್ನು ಪರೀಕ್ಷಿಸಬೇಕು. ಪ್ಲಗ್ಗು, ತಂತಿ, ಮ್ಯಾಗ್ನೆಟೊ ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದರೆ ವಿಮಾನ ಸರಿಹೋಗುತ್ತಿತ್ತೇನೋ. ಆದರೆ ಹಣವೂ ಪೋಲಾಗಿ, ಕಾರಣವೂ ಅಜ್ಞಾತವಾಗಿಯೇ ಉಳಿಯುತ್ತಿತ್ತು. ಪ್ರಯೋಗಶಾಲೆಯಲ್ಲಿ ನಾವು ಅನುಸರಿಸುವ ನಿಯಮವೇ ಇಲ್ಲಿಯೂ ಉಂಟು.

ಅದುರದೆ, ನಯವಾಗಿಯೇ ಇಳಿಕೆ ಹೆಚ್ಚಾದರೆ? ಆಗ ಎಲ್ಲ ಸಿಲಿಂಡರುಗಳೂ ಉರಿಯುತ್ತಿವೆ, ಆದರೆ ಕಿಡಿ ತಡವಾಗಿ ಬರುತ್ತಿದೆ. ಈ ಎಂಜಿನಿನಲ್ಲಿ ಪಿಸ್ಟನ್ನು ತುದಿಮುಟ್ಟುವುದಕ್ಕೆ 25 ಡಿಗ್ರಿಗಳಷ್ಟು ಮುಂಚೆಯೇ ಕಿಡಿ ಹಾರಬೇಕು. 2400 ಸುತ್ತಿನ ವೇಗದಲ್ಲಿ ಈ ಅವಧಿ ಸೆಕೆಂಡಿನ ಸುಮಾರು ಆರುನೂರನೆಯ ಒಂದು ಭಾಗ ಮಾತ್ರ. ಪಾಯಿಂಟುಗಳು ಕೂದಲೆಳೆಯಷ್ಟು ಸವೆದರೂ ಕಾಲ ತಪ್ಪುತ್ತದೆ.

ಇಳಿಕೆಯೇ ಇಲ್ಲದಿದ್ದರೆ?

ಇಳಿಕೆ ಹೆಚ್ಚಾದರೆ ಕೆಟ್ಟದ್ದು. ಹಾಗಾದರೆ ಸೊನ್ನೆಯಾದರೆ ಅತ್ಯುತ್ತಮವಲ್ಲವೇ ಎಂದು ವಿದ್ಯಾರ್ಥಿಯೊಬ್ಬನು ಕೇಳಬಹುದು. ವಾಸ್ತವದಲ್ಲಿ ಇದೇ ಎಲ್ಲಕ್ಕಿಂತ ಅಪಾಯಕರವಾದ ಸ್ಥಿತಿ. ಮನೆಯ ದೀಪದ ಸ್ವಿಚ್ಚು ವಿದ್ಯುನ್ಮಂಡಲವನ್ನು ಕೂಡಿಸಿದಾಗ ದೀಪ ಹೊತ್ತುತ್ತದೆ, ಕಡಿದಾಗ ಆರುತ್ತದೆ. ಮ್ಯಾಗ್ನೆಟೊದ ಸ್ವಿಚ್ಚು ಇದಕ್ಕೆ ತದ್ವಿರುದ್ಧ. ತಾನಾಗಿಯೇ ವಿದ್ಯುತ್ತನ್ನು ಹುಟ್ಟಿಸುವ ಯಂತ್ರವನ್ನು ಸುಮ್ಮನಿರಿಸಬೇಕಾದರೆ, ಅದರ ಪ್ರಾಥಮಿಕ ಸುರುಳಿಯನ್ನು ಒಂದು ತಂತಿಯ ಮೂಲಕ ಎಂಜಿನಿನ ಲೋಹಕ್ಕೆ ಕೂಡಿಸಬೇಕು. ಆಗ ಪಾಯಿಂಟು ತೆರೆದರೂ ಪ್ರವಾಹ ಕಡಿಯುವುದಿಲ್ಲ, ಕಿಡಿ ಹುಟ್ಟುವುದಿಲ್ಲ.

ಆ ಒಂದು ತಂತಿ ತುಂಡಾದರೆ ಸ್ವಿಚ್ಚನ್ನು ‘ಬಂದ್’ ಮಾಡಿದರೂ ಮ್ಯಾಗ್ನೆಟೊ ಜೀವಂತವಾಗಿಯೇ ಇರುತ್ತದೆ. ಬಲ ಮ್ಯಾಗ್ನೆಟೊಗೆ ತಿರುಗಿಸಿದಾಗಲೂ ಎಡದ್ದು ಕಿಡಿ ಕೊಡುತ್ತಲೇ ಇರುವುದರಿಂದ ಇಳಿಕೆ ಕಾಣದು. ನಿಂತ ವಿಮಾನದ ಪ್ರೊಪೆಲರನ್ನು ಯಾರಾದರೂ ಕೈಯಿಂದ ತಿರುಗಿಸಿದರೆ, ಸಿಲಿಂಡರಿನಲ್ಲಿ ಉಳಿದ ಆವಿ ಹೊತ್ತಿಕೊಂಡು ಎಂಜಿನು ಒಮ್ಮೆಲೇ ಎದ್ದೀತು. ಕೈ ಹೋಗಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದಲೇ ಬಲ್ಲವರು ಬೀಗದ ಕೈ ಜೇಬಿನಲ್ಲಿದ್ದರೂ ಪ್ರೊಪೆಲರನ್ನು ಗೌರವದಿಂದ ಕಾಣುತ್ತಾರೆ. ಎಂಜಿನು ನಿಧಾನವಾಗಿ ಓಡುತ್ತಿರುವಾಗ ಸ್ವಿಚ್ಚನ್ನು ಒಂದು ಕ್ಷಣ ಬಂದ್ ಮಾಡಿ, ಅದು ಸಾಯತೊಡಗುವುದೇ ಎಂದು ನೋಡುವ ಪರೀಕ್ಷೆಯೂ ಇದಕ್ಕಾಗಿಯೇ ಇದೆ.

ಅಮೆರಿಕದ ಕಾನೂನಿನಲ್ಲಿ ಚಾಲಕನ ಪರವಾನಗಿಯುಳ್ಳ ಒಡೆಯನು ತನ್ನ ವಿಮಾನದ ಪ್ಲಗ್ಗುಗಳನ್ನು ತಾನೇ ಶುಚಿಮಾಡಬಹುದು, ಬದಲಾಯಿಸಬಹುದು. ಮಾಡಿದ್ದನ್ನು ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಮ್ಯಾಗ್ನೆಟೊವನ್ನು ಬಿಚ್ಚುವುದು ಅರ್ಹ ಮೆಕ್ಯಾನಿಕನ ಕೆಲಸ. ಹನ್ನೆರಡು ತಿಂಗಳಿಗೊಮ್ಮೆ ಇಡೀ ವಿಮಾನದ ತಪಾಸಣೆಯೂ ಕಡ್ಡಾಯ.

ಆದರೆ ಯಾವ ಕಾನೂನೂ ಓಡುದಾರಿಯ ಅಂಚಿನಲ್ಲಿ ಚಾಲಕನ ಪಕ್ಕದಲ್ಲಿ ಕುಳಿತಿರುವುದಿಲ್ಲ. ಅಲ್ಲಿ ಅವನಿಗೆ ಸಂಗಾತಿಯಾಗಿರುವುದು ಅಳತೆಯ ಮುಳ್ಳು, ಮತ್ತು ಅದು ಹೇಳಿದ್ದನ್ನು ಅರ್ಥಮಾಡಿಕೊಳ್ಳುವ ತಿಳಿವಳಿಕೆ. 200 ಎಂಬ ಅಂಕಿಯನ್ನು ಕಂಡು ವಿಮಾನವನ್ನು ಹಿಂದಕ್ಕೆ ತಿರುಗಿಸಿದವನ ಮಕ್ಕಳಿಗೆ ಆ ದಿನ ಬೇಸರವಾಗಬಹುದು. ಮರುದಿನ ಹೊಸ ಪ್ಲಗ್ಗಿನೊಡನೆ, 80 ಸುತ್ತಿನ ಇಳಿಕೆಯೊಡನೆ, ಅವರು ನಿಶ್ಚಿಂತೆಯಿಂದ ಹಾರಬಲ್ಲರು.