ಮನೋರೋಗಿಯ ಶುಶ್ರೂಷೆ: ಚಿಕಿತ್ಸೆಯ ಮೂರನೆಯ ಪಾದ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕ ಸಂಹಿತೆಯ ಸೂತ್ರಸ್ಥಾನವು ತಿಳಿಸುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ತೀವ್ರ ಮನೋರೋಗದಲ್ಲಿ ವೈದ್ಯರು ರೋಗಿಯನ್ನು ಕಾಣುವುದು ತಿಂಗಳಿಗೊಮ್ಮೆ ಅರ್ಧ ಗಳಿಗೆ. ಉಳಿದ ಕಾಲವೆಲ್ಲ ಅವರ ಬಳಿ ಇರುವವರು ತಾಯಿ, ಮಡದಿ, ಒಡಹುಟ್ಟಿದವರು. ಆದ್ದರಿಂದ ಸದ್ಭಕ್ತರೊಡನೆ ಈ ಬಾರಿ ಮೂರನೆಯ ಪಾದದ ವಿಚಾರವನ್ನು ಹಂಚಿಕೊಳ್ಳಬಯಸುತ್ತೇವೆ. ಪರಿಚಾರಕನಿಗೆ ಚರಕರು ನಾಲ್ಕು ಗುಣಗಳನ್ನು ಹೇಳಿದ್ದಾರೆ: ಉಪಚಾರಜ್ಞಾನ, ದಾಕ್ಷ್ಯ, ಅನುರಾಗ, ಶೌಚ.

ಉಪಚಾರಜ್ಞಾನ: ಇತರರಿಗೆ ಕೇಳದ ಧ್ವನಿ ಕೇಳಿಸುವುದು, ಅನ್ನದಲ್ಲಿ ವಿಷ ಬೆರೆಸಿದ್ದಾರೆಂಬ ಸಂಶಯ, ತನ್ನಷ್ಟಕ್ಕೆ ಮಾತನಾಡುವುದು ಇವು ಸ್ಕಿಜೋಫ್ರೀನಿಯಾ ಎಂಬ ರೋಗದ ಲಕ್ಷಣಗಳು, ಹಟವಲ್ಲ, ಗಾಳಿ ಸೋಕಿದ್ದೂ ಅಲ್ಲ. ಮದುವೆ ಮಾಡಿದರೆ ಸರಿಹೋದೀತೆಂಬ ನಂಬಿಕೆಗೂ ಆಧಾರವಿಲ್ಲ. ರೋಗಿಯ ಸಂಶಯವನ್ನು ವಾದದಿಂದ ಗೆಲ್ಲಲಾಗದು. ಹಾಗೆಂದು ಹೌದೆಂದು ಒಪ್ಪಲೂಬಾರದು. ‘ವಿಷವೂ ಇಲ್ಲ, ಏನೂ ಇಲ್ಲ, ಸುಮ್ಮನೆ ಉಣ್ಣು’ ಎಂದು ಗದರುವ ಬದಲು, ‘ನಿನಗೆ ಹೆದರಿಕೆಯಾಗಿದೆಯೇನಪ್ಪಾ? ನಾನೂ ಇದೇ ಪಾತ್ರೆಯಿಂದ ಬಡಿಸಿಕೊಳ್ಳುತ್ತೇನೆ, ಕೂಡಿ ಉಣ್ಣೋಣ’ ಎಂದರೆ ತುತ್ತು ಒಳಗೆ ಇಳಿಯುತ್ತದೆ.

ದಾಕ್ಷ್ಯ: ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ನಾವು ವೃತ್ತಿಗೆ ಬಂದ ಹೊಸದರಲ್ಲಿ ಒಬ್ಬ ತಂದೆ ತಮ್ಮ ತರುಣ ಮಗನನ್ನು ಕರೆತಂದರು. ಮನೋವೈದ್ಯರ ಮಾತ್ರೆಗಳಿಂದ ಅವನು ಗುಣಮುಖನಾಗಿದ್ದನು. ‘ಇನ್ನು ಅವನ್ನು ಬಿಡಿಸಿ ನಿಮ್ಮ ಔಷಧ ಕೊಡಿ’ ಎಂದರು, ನಾವು ಒಪ್ಪಿದೆವು. ಎರಡು ತಿಂಗಳು ಎಲ್ಲವೂ ನೆಟ್ಟಗಿತ್ತು. ಮೂರನೆಯ ತಿಂಗಳಲ್ಲಿ ನಿದ್ರೆ ಕೆಟ್ಟಿತು, ಊಟ ತಪ್ಪಿತು. ಒಂದು ರಾತ್ರಿ ಅವನು ಮನೆ ಬಿಟ್ಟು ಹೋದನು. ಹನ್ನೊಂದು ದಿನಗಳ ಬಳಿಕ ಸಿಕ್ಕನು. ಆ ಹನ್ನೊಂದು ದಿನ ಅವನ ತಾಯಿ ನಮ್ಮ ಚಿಕಿತ್ಸಾಲಯದ ಮೆಟ್ಟಿಲ ಮೇಲೆ ಬಂದು ಕುಳಿತುಕೊಳ್ಳುತ್ತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಅಂದಿನಿಂದ ನಾವು ಮನೋವೈದ್ಯರ ಔಷಧವನ್ನು ಬಿಡಿಸಿಲ್ಲ. ಆಯುರ್ವೇದದ ದಿನಚರ್ಯೆ, ಹಿತಾಹಾರ, ಅಭ್ಯಂಗ, ಸತ್ತ್ವಾವಜಯ ಆ ಔಷಧದ ಜೊತೆಗಿರಬೇಕು, ಅದರ ಬದಲಿಗಲ್ಲ. ಕೊಡುವ ಪ್ರತಿಯೊಂದು ಔಷಧವೂ ಇಬ್ಬರು ವೈದ್ಯರಿಗೂ ಗೊತ್ತಿರಬೇಕು.

ದಕ್ಷನಾದ ಪರಿಚಾರಕನು ಮಾತ್ರೆಯನ್ನು ಎದುರಿನಲ್ಲೇ ನುಂಗಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾನೆ. ಕೈನಡುಕ, ಜೊಲ್ಲು, ಮೈ ಬಿಗಿತ, ಮಲಬದ್ಧತೆ ಕಂಡರೆ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ತಿಳಿಸುತ್ತಾನೆ. ವ್ರತ, ಉಪವಾಸ ಆಚರಿಸುವ ಮನೆಗಳಿಗೊಂದು ಎಚ್ಚರಿಕೆ: ಲಿಥಿಯಂ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು, ಒಮ್ಮೆಲೇ ಉಪ್ಪು ಬಿಡಬಾರದು. ಶರೀರದಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಲ್ಲದು. ವಾಂತಿ, ಭೇದಿಯಾದಾಗಲೂ ಇದೇ ಅಪಾಯ. ಕ್ಲೋಜಪಿನ್ ಸೇವಿಸುವವರಿಗೆ ಜ್ವರ, ಗಂಟಲುನೋವು ಬಂದರೆ ಅಂದೇ ರಕ್ತಪರೀಕ್ಷೆ ಮಾಡಿಸಬೇಕು.

ಅನುರಾಗ: ಇಂಗ್ಲೆಂಡಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಂಗಿಸುವ, ರೇಗುವ, ಅತಿಯಾಗಿ ಹಿಂದೆ ಬೀಳುವ ಮನೆಗಳಿಗೆ ಮರಳಿದ ರೋಗಿಗಳಲ್ಲಿ ರೋಗ ಹೆಚ್ಚಾಗಿ ಮರುಕಳಿಸಿದ್ದು ಕಂಡುಬಂದಿತು. ‘ದುಡಿಯದೆ ಬಿದ್ದಿರುತ್ತಾನೆ’ ಎಂಬ ಮಾತು ಮದ್ದಿನ ಫಲವನ್ನು ಕುಗ್ಗಿಸುತ್ತದೆ. ಹೂಗಿಡಕ್ಕೆ ನೀರೆರೆಯುವಂತಹ ಸಣ್ಣ ಕಾಯಕವನ್ನು ವಹಿಸಿ, ಮಾಡಿದಾಗ ಒಳ್ಳೆಯ ಮಾತನಾಡಿರಿ.

ಕಟ್ಟಿಹಾಕುವುದು ರಕ್ಷಣೆಯಲ್ಲ. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋರೋಗಿಗೆ ಯಾವ ರೂಪದಲ್ಲಿಯೂ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಶೌಚ: ರೋಗಿ ಸ್ನಾನವನ್ನು ಮರೆತರೆ ಅದು ಸೋಮಾರಿತನವಲ್ಲ. ಬಿಸಿನೀರು ತೋಡಿಟ್ಟು, ಬಟ್ಟೆ ತೆಗೆದಿಟ್ಟು ಕರೆಯಿರಿ. ಹಲ್ಲು, ಉಗುರುಗಳನ್ನು ಗಮನಿಸಿರಿ. ಮೈ ತೂಕ ಏರುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿರಿ.

ನಿದ್ರೆ ಕೆಡುವುದು, ಮೌನ, ಸಂಶಯ ಮರಳುವುದು ರೋಗ ಮರುಕಳಿಸುವ ಮುನ್ಸೂಚನೆ. ಕೂಡಲೇ ವೈದ್ಯರನ್ನು ಕಾಣಿರಿ. ಸಾಯುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿರಿ. ಕೀಟನಾಶಕ, ಹಗ್ಗ, ಉಳಿದ ಮಾತ್ರೆಗಳನ್ನು ಕೈಗೆ ಸಿಗದಂತೆ ಇರಿಸಿ, ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮಾತ್ರವಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆ ದೊರೆಯುತ್ತದೆ. 14416 ಸಂಖ್ಯೆಯ ಟೆಲಿ ಮಾನಸ್ ಹಗಲೂ ರಾತ್ರಿಯೂ ಉಚಿತವಾಗಿ ಕನ್ನಡದಲ್ಲಿ ಸಲಹೆ ನೀಡುತ್ತದೆ.

ಕೊನೆಯದಾಗಿ ನೆರೆಹೊರೆಯ ಭಕ್ತರಲ್ಲಿ ಒಂದು ವಿನಂತಿ. ಪರಿಚಾರಕನೂ ದಣಿಯುತ್ತಾನೆ. ಅಂತಹ ಮನೆಯ ಮುಂದೆ ಹಾದುಹೋಗುವಾಗ ‘ಈಗ ಹೇಗಿದ್ದಾನೆ?’ ಎಂದು ಬಾಗಿಲಲ್ಲೇ ಕೇಳಿ ಹೊರಡಬೇಡಿರಿ. ಒಳಗೆ ಹೋಗಿ ರೋಗಿಯ ಬಳಿ ಎರಡು ಗಂಟೆ ಕುಳಿತುಕೊಳ್ಳಿರಿ. ಆ ತಾಯಿ ಅಷ್ಟು ಹೊತ್ತು ನಿದ್ರಿಸಲಿ.