ಹಿಂದಿನ ಸೀಟಿನಲ್ಲಿ ಕೂತವರಿಗೆ

ಪ್ರಶ್ನೆ: ನನಗೆ 43 ವರ್ಷ. ಮೂರು ಎಕರೆ ಗದ್ದೆಯಿದೆ. ಬೆನ್ನಿನ ಡಿಸ್ಕ್ ಜಾರಿದೆ, ಭಾರ ಎತ್ತಬಾರದೆಂದು ಡಾಕ್ಟರ್ ಹೇಳಿದ್ದಾರೆ. ಈಗ ಗೊಬ್ಬರದ ಮೂಟೆ, ಗ್ಯಾಸ್ ಸಿಲಿಂಡರ್ ಎಲ್ಲ ಹೆಂಡತಿಯೇ ಎತ್ತುತ್ತಾಳೆ. ಸ್ಕೂಟರ್ ಓಡಿಸುವವಳೂ ಅವಳೇ. ಗುಂಡಿ ಬಂದಾಗಲೆಲ್ಲ ನಿಧಾನ ಮಾಡುತ್ತಾಳೆ. ಹಿಂದೆ ಕೂತ ನನ್ನನ್ನು ನೋಡಿ ಅಂಗಡಿ ಕಟ್ಟೆಯವರು ನಗುತ್ತಾರೆ. ಎಲ್ಲ ತಲೆಕೆಳಗಾಗಿದೆ. ಗಂಡಸು ಅನ್ನಿಸಿಕೊಳ್ಳಲು ನನ್ನಲ್ಲಿ ಇನ್ನೇನು ಉಳಿದಿದೆ?

ಉತ್ತರ: ಇಷ್ಟು ವರ್ಷ ಹೇಳಿದಂತೆ ಕೇಳಿದ ಮೈ ಏಕಾಏಕಿ ಕೈಕೊಟ್ಟರೆ ಸಂಕಟವಾಗದೆ ಇರುತ್ತದೆಯೇ? ನೀವು ಅದನ್ನು ನಾಚಿಕೆ ಅನ್ನುತ್ತಿದ್ದೀರಿ. ನನಗೆ ಅದು ದುಃಖದಂತೆ ಕಾಣುತ್ತದೆ. ದುಃಖಪಡಿ, ಅದಕ್ಕೆ ಸಮಯ ಕೊಡಿ.

ಆದರೆ ನಿಜಕ್ಕೂ ಎಷ್ಟು ತಲೆಕೆಳಗಾಗಿದೆ? ಮನೆಗೆ ನಲ್ಲಿ ಬರುವ ಮುಂಚೆ ನೀರು ಹೊತ್ತವರು ಯಾರು? 15 ಲೀಟರಿನ ಕೊಡವೆಂದರೆ ನೀರೇ 15 ಕಿಲೋ. ತಲೆಯ ಮೇಲೊಂದು, ಸೊಂಟದಲ್ಲೊಂದು. ಬೆಳಗಿನಿಂದ ಸಂಜೆವರೆಗೆ ಕೆಸರಿನಲ್ಲಿ ಬಗ್ಗಿ ನಾಟಿ ಹಾಕುವವರು ಯಾರು? 45 ಕಿಲೋ ಯೂರಿಯಾ ಮೂಟೆ ಎತ್ತಿದರೆ ಅದನ್ನು ಬಲ ಎಂದೆವು, ದಿನಕ್ಕೆ ಹತ್ತು ಕೊಡ ನೀರು ತಂದರೆ ಮನೆಕೆಲಸ ಎಂದೆವು. ನಿಮ್ಮ ಪತ್ನಿಗೆ ಬಲ ಈಗ ಹೊಸದಾಗಿ ಬಂದಿಲ್ಲ. ಈಗ ಊರ ಕಣ್ಣಿಗೆ ಬಿದ್ದಿದೆ, ಅಷ್ಟೆ.

ಬಂಗಾಳದ ಬೇಗಂ ರೊಕೆಯಾ 1905ರಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆ ಬರೆದರು. ಅಲ್ಲಿ ಹೆಂಗಸರು ದೇಶ ನಡೆಸುತ್ತಾರೆ, ಗಂಡಸರು ಒಳಮನೆಯಲ್ಲಿದ್ದು ಅಡುಗೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ನನಗೆ ತುಂಬಾ ಇಷ್ಟದ ಕಥೆ. ಅದಲುಬದಲಾದರೆ ಯಾರಾದರೊಬ್ಬರು ಒಳಗೆ ಸೇರಲೇಬೇಕು ಎಂಬ ಭಯ ನಿಮ್ಮಂಥ ಅನೇಕರಿಗಿದೆ. ನಿಮ್ಮನ್ನು ಯಾರೂ ಒಳಗೆ ಕೂಡಿಹಾಕಿಲ್ಲ. ನಿಮ್ಮ ಪತ್ನಿ ಗಾಡಿ ತಂದು ನಿಲ್ಲಿಸಿ, ಹತ್ತಿಸಿಕೊಂಡು ಹೋಗುತ್ತಿದ್ದಾರೆ. ಗುಂಡಿ ಬಂದಾಗ ನಿಧಾನ ಮಾಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಆ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ.

ಇಂದು ರಾತ್ರಿ ಊಟವಾದ ಮೇಲೆ ಅವರ ಬೆನ್ನು, ಮಂಡಿ ಹೇಗಿದೆ ಎಂದು ಕೇಳಿ. ಎರಡು ಪಾಲು ಕೆಲಸ ಒಬ್ಬರ ಮೇಲೆ ಬಿದ್ದರೆ ಅವರೂ ಹಾಸಿಗೆ ಹಿಡಿಯುತ್ತಾರೆ. ಸಿಲಿಂಡರನ್ನು ತಂದವರೇ ಒಳಗಿಡಲಿ, ಮೂಟೆ ಇಳಿಸಲು ಕೂಲಿಗೆ ಒಬ್ಬರನ್ನು ಕರೆಯಿರಿ. ಬೆನ್ನು ಒಪ್ಪುವ ಕೆಲಸಗಳನ್ನು ಪೂರ್ತಿ ನಿಮ್ಮವೇ ಮಾಡಿಕೊಳ್ಳಿ: ಬೆಳಗಿನ ತಿಂಡಿ, ಸೊಸೈಟಿ ಸಾಲದ ಲೆಕ್ಕ, ಮಕ್ಕಳ ಓದು. ಅದನ್ನು ‘ಹೆಂಡತಿಗೆ ಸಹಾಯ’ ಎಂದು ಮಾತ್ರ ಕರೆಯಬೇಡಿ. ಕಟ್ಟೆಯವರಿಗೆ ‘ಹೌದು, ಅವಳೇ ಓಡಿಸೋದು’ ಎಂದರೆ ಸಾಕು, ಸಮಜಾಯಿಷಿ ಬೇಡ.

ಬೆನ್ನನ್ನೂ ಕೈಬಿಡಬೇಡಿ. ಡಿಸ್ಕ್ ಜಾರಿದ ಬಹಳಷ್ಟು ಜನ ಸರಿಯಾದ ವ್ಯಾಯಾಮದಿಂದ ಚೇತರಿಸಿಕೊಳ್ಳುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೇಳಿ. ಕಾಲು ಜೋಮು ಹಿಡಿದು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಿದ್ದೆ ಬಾರದಿದ್ದರೆ, ಕುಡಿತ ಹೆಚ್ಚಿದರೆ, ‘ಇದ್ದು ಏನು ಪ್ರಯೋಜನ’ ಎಂಬ ಯೋಚನೆ ಸುಳಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಪತ್ನಿ ಏನು ಹೇಳಿದರೆಂದು ನನಗೆ ಬರೆಯುತ್ತೀರಾ?