ಕರಾವಳಿಯ ಕಾನೂನು ವಿದ್ಯಾರ್ಥಿಗಳಿಗೊಂದು ಕಿವಿಮಾತು

ಕಾನೂನು ವಿದ್ಯಾರ್ಥಿಗಳು ಅನುಭವಿ ವಕೀಲರ ಅಥವಾ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿಯುವುದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಇದು ಮೂರು ವರ್ಷದ ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ 20 ವಾರ ನಡೆಯಬೇಕು. ಅಣಕು ನ್ಯಾಯಾಲಯದ ಜೊತೆಗೂಡಿ ಅಂಕ ತರುವ ವಿಷಯವೂ ಆಗಿರುವುದರಿಂದ ಪ್ರಮಾಣಪತ್ರ ಸಿಕ್ಕರೆ ಸಾಕೆಂಬ ಭಾವನೆ ಹಲವರಲ್ಲಿ ಬೇರೂರಿದೆ, ಅದು ಕಲಿಕೆಗೆ ದೊಡ್ಡ ನಷ್ಟ.

ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಓಂ ಬೀಚ್ ಇರುವ ಕುಮಟಾ ತಾಲ್ಲೂಕಿನಲ್ಲೂ ನೆರೆಯ ಹೊನ್ನಾವರ, ಭಟ್ಕಳಗಳಲ್ಲೂ ನ್ಯಾಯಾಲಯಗಳಿವೆ. ಕಡಲಂಚಿನಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂಬುದನ್ನು ಉಬ್ಬರದ ರೇಖೆಯಿಂದ ಅಳೆದು ಹೇಳುವ ಕರಾವಳಿ ನಿಯಂತ್ರಣ ವಲಯದ 2011 ಮತ್ತು 2019ರ ಅಧಿಸೂಚನೆಗಳನ್ನು, ಜಮೀನಿನ ಹಕ್ಕು ಹಾಗೂ ಬೆಳೆಯ ವಿವರವುಳ್ಳ ಪಹಣಿಯನ್ನು ಮತ್ತು ಸರ್ವೆ ನಕ್ಷೆಯನ್ನು ಒಟ್ಟಿಗಿಟ್ಟು ಓದಲು ಕಲಿತವರಿಗೆ, ತೀರದ ವಸತಿಗೃಹದ ತಕರಾರು ಎಲ್ಲಿ ಹುಟ್ಟುತ್ತದೆಂಬುದು ತಾನಾಗಿಯೇ ತಿಳಿಯುತ್ತದೆ.

ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಿ ಪರೀಕ್ಷಿಸುವುದು, ನಡೆಯುವಾಗ ಸಾಕ್ಷಿ ಎಲ್ಲಿ ತಡವರಿಸಿದರೆಂಬುದನ್ನು ವಿದ್ಯಾರ್ಥಿ ಅಂದೇ ದಿನಚರಿಯಲ್ಲಿ ಬರೆಯಬೇಕು. ಪರೀಕ್ಷೆಯ ಹಿಂದಿನ ವಾರ ಇಡೀ ದಿನಚರಿಯನ್ನು ಒಮ್ಮೆಲೇ ತುಂಬಿಸಿದರೆ ಆ ಸೂಕ್ಷ್ಮ ಉಳಿಯದು. ಕಕ್ಷಿದಾರರ ಹೆಸರು, ಗುಟ್ಟು ಮಾತ್ರ ಹೊರಬೀಳಬಾರದು. 1987ರ ಕಾಯ್ದೆಯಡಿ ಉಚಿತ ನೆರವು ನೀಡುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬರುವ ಮಹಿಳೆಯರ, ಬಡವರ ಮಾತನ್ನು ಸಾವಧಾನದಿಂದ ಆಲಿಸಲು ವಿದ್ಯಾರ್ಥಿಗಳು ಕೆಲವು ದಿನಗಳನ್ನಾದರೂ ತಪ್ಪದೆ ಮೀಸಲಿಡಲಿ.